ಸಾಧನಕೇರಿಯ ಬೆಳಗು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಕೊಂಡ್ಲಹಳ್ಳಿ ಎಂಬುದೊಂದು ಊರು. ನಮ್ಮ ನಾಡಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಆ ಸೀಮೆಯೂ ಒಂದು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳಲ್ಲಿಯೇ ತಮ್ಮ ಭಾರವನ್ನು ಇಳಿಸಿ, ಹಗುರವಾಗಿ ಆ ಬಯಲಿನ ಮೇಲೆ ಹಾದುಹೋಗುತ್ತವೆ. ಆಷಾಢ ಮಾಸದಲ್ಲಿ ಹೊಲವನ್ನು ಹಸನುಮಾಡಿ, ಶೇಂಗಾದ ಬೀಜವನ್ನು ಮನೆಯಲ್ಲಿ ಸಿದ್ಧವಾಗಿಟ್ಟುಕೊಂಡು, ರೈತನು ಆಕಾಶವನ್ನು ನೋಡುತ್ತ ನಿಲ್ಲುತ್ತಾನೆ. ಮಗಳ ಮದುವೆ ಮಳೆ ಬಂದ ಮೇಲೆ. ಮಾಳಿಗೆಯ ದುರಸ್ತಿ ಬೆಳೆ ಬಂದ ಮೇಲೆ. ಮಕ್ಕಳಿಗೆ ಹೊಸ ಬಟ್ಟೆ ಸಾಲ ತೀರಿದ ಮೇಲೆ. ಬಯಲುಸೀಮೆಯ ಬೇಸಾಯಗಾರನಿಗೆ ಇಂತಹ ಕಾಯುವಿಕೆ ಅನಿವಾರ್ಯವಾದುದು.

ಆದರೆ ಮಳೆಯ ಕೊರತೆಯಿಲ್ಲದ ಊರುಗಳಲ್ಲಿಯೂ ಮನುಷ್ಯನು ತನ್ನ ಸಂತೋಷವನ್ನು ಹೀಗೆಯೇ ಮುಂದಕ್ಕೆ ಹಾಕುತ್ತಿರುತ್ತಾನೆ. ವಿದ್ಯಾರ್ಥಿಯು ಪರೀಕ್ಷೆ ಮುಗಿದ ಮೇಲೆ ನೆಮ್ಮದಿಯಿಂದ ಇರುವೆನೆಂದುಕೊಳ್ಳುತ್ತಾನೆ. ಪರೀಕ್ಷೆ ಮುಗಿಸಿದವನು ಉದ್ಯೋಗ ದೊರೆಯಲಿ ಎನ್ನುತ್ತಾನೆ. ಉದ್ಯೋಗ ದೊರೆತವನು ಸ್ವಂತ ಮನೆಯಾಗಲಿ ಎನ್ನುತ್ತಾನೆ. ಮನೆ ಕಟ್ಟಿಸಿದವನು ಮಕ್ಕಳು ನೆಲೆಗೊಳ್ಳಲಿ ಎನ್ನುತ್ತಾನೆ. ಕೊನೆಗೆ ಎಲ್ಲವೂ ಕೈಗೂಡಿದಾಗ, ಸಂತೋಷಪಡುವ ಅಭ್ಯಾಸವೇ ತಪ್ಪಿಹೋಗಿರುವುದು ಅವನಿಗೆ ತಿಳಿಯುತ್ತದೆ.

ಸಂತೋಷವನ್ನು ಮುಂದಕ್ಕೆ ಹಾಕುವುದಕ್ಕೆ ಇತರರಿಗಿಂತ ಹೆಚ್ಚು ಕಾರಣಗಳಿದ್ದರೂ ಹಾಗೆ ಮಾಡದೆ ಬದುಕಿದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿ ಆಗಿಹೋದರು. ಬಡತನ, ಸೆರೆವಾಸ, ನಿರುದ್ಯೋಗ, ಪುತ್ರಶೋಕ ಇವೆಲ್ಲವೂ ಒಂದರ ಬೆನ್ನ ಹಿಂದೆ ಒಂದಾಗಿ ಅವರ ಮನೆಯ ಬಾಗಿಲಿಗೆ ಬಂದವು. ಆದರೂ ಪ್ರತಿದಿನವೂ ಬರುವ ಬೆಳಗನ್ನು, ಪ್ರತಿವರ್ಷವೂ ಬರುವ ಶ್ರಾವಣದ ಮಳೆಯನ್ನು ಅವರು ಹೊಸದಾಗಿ ಬಂದ ನೆಂಟನಂತೆ ಬರಮಾಡಿಕೊಂಡರು. ಅವರೇ ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು.

ಬೇಂದ್ರೆಯವರು ೧೮೯೬ನೆಯ ಇಸವಿ ಜನವರಿ ೩೧ರಂದು ಧಾರವಾಡದಲ್ಲಿ ಜನಿಸಿದರು. ತಂದೆ ರಾಮಚಂದ್ರಪಂತರು, ತಾಯಿ ಅಂಬವ್ವ, ಅಂದರೆ ಅಂಬಿಕೆ. ಮನೆಯ ಮಾತು ಮರಾಠಿ. ಬೀದಿಯ ಮಾತು ಕನ್ನಡ. ಧಾರವಾಡವು ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆಡಳಿತದಲ್ಲಿಯೂ ವಿದ್ಯಾಭ್ಯಾಸದಲ್ಲಿಯೂ ಮರಾಠಿಯ ಪ್ರಭಾವವೇ ಬಲವಾಗಿದ್ದ ಕಾಲವದು. ಅಂತಹ ಪರಿಸರದಲ್ಲಿ ಬೆಳೆದ ಬಾಲಕನು ಮುಂದೆ ಕನ್ನಡದ ಶ್ರೇಷ್ಠ ಕವಿಗಳಲ್ಲಿ ಒಬ್ಬನಾದನು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಕುಟುಂಬದ ಭಾರವು ಅಜ್ಜಿ ಮತ್ತು ತಾಯಿಯ ಹೆಗಲಿಗೆ ಬಿದ್ದಿತು. ಆ ಇಬ್ಬರು ಹೆಣ್ಣುಮಕ್ಕಳ ದುಡಿಮೆಯಲ್ಲಿ, ಅವರ ಮಾತು, ಕಥೆ, ಹಾಡುಗಳ ನಡುವೆ ಬಾಲಕನು ಬೆಳೆದನು. ದೊಡ್ಡವರಾದ ಮೇಲೆ ಅವರು ತಮ್ಮ ಕವಿತೆಗಳ ಕೆಳಗೆ ಸ್ವಂತ ಹೆಸರನ್ನು ಹಾಕಿಕೊಳ್ಳಲಿಲ್ಲ. ಅಂಬಿಕೆಯ ಮಗನಾದ ದತ್ತನೆಂಬ ಅರ್ಥದಲ್ಲಿ ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮವನ್ನು ಧರಿಸಿದರು. ಹೆತ್ತ ತಾಯಿ, ಕನ್ನಡ ತಾಯಿ, ಭಾರತಮಾತೆ, ಭೂಮಿತಾಯಿ, ವಿಶ್ವಮಾತೆ ಎಂದು ಐವರು ತಾಯಂದಿರನ್ನು ಅವರು ನೆನೆಯುತ್ತಿದ್ದರು. ಮನೆಗೂ ‘ಶ್ರೀಮಾತಾ’ ಎಂದೇ ಹೆಸರಿಟ್ಟರು.

ಧಾರವಾಡದಲ್ಲಿ ಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿದ ಬೇಂದ್ರೆಯವರು ಚಿಕ್ಕಪ್ಪನವರ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ, ೧೯೧೮ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಊರಿಗೆ ಮರಳಿ ಶಿಕ್ಷಕ ವೃತ್ತಿಯನ್ನು ಕೈಕೊಂಡರು. ೧೯೧೯ರಲ್ಲಿ ಲಕ್ಷ್ಮೀಬಾಯಿಯವರೊಡನೆ ವಿವಾಹವಾಯಿತು. ಶಿಕ್ಷಕನ ಅಲ್ಪ ಸಂಬಳದಲ್ಲಿ ಸಂಸಾರ ಸಾಗಬೇಕಾಗಿತ್ತು. ಆದರೆ ಸ್ನೇಹದಲ್ಲಿ ಅವರು ಎಂದೂ ಬಡವರಾಗಿರಲಿಲ್ಲ. ೧೯೨೨ರ ಸುಮಾರಿಗೆ ಧಾರವಾಡದಲ್ಲಿ ‘ಗೆಳೆಯರ ಗುಂಪು’ ರೂಪುಗೊಂಡಿತು. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ ಮೊದಲಾದವರು ಆ ಬಳಗದಲ್ಲಿದ್ದರು. ಅಂದು ಅವರಲ್ಲಿ ಯಾರೂ ಪ್ರಸಿದ್ಧರಲ್ಲ. ಯಾರ ಕೈಯಲ್ಲಿಯೂ ಹಣವಿಲ್ಲ. ಒಬ್ಬರು ಬರೆದುದನ್ನು ಇನ್ನೊಬ್ಬರು ಕೇಳುವುದು, ಚರ್ಚಿಸುವುದು, ಹಾಡುವುದು, ನಾಡಹಬ್ಬವನ್ನು ಆಚರಿಸುವುದು ಇವೇ ಅವರ ಸಂಪತ್ತು. ಮುಂದೆ ಆ ಬಳಗದವರು ಕವಿಗಳೆಂದು, ವಿದ್ವಾಂಸರೆಂದು, ಸಂಶೋಧಕರೆಂದು ನಾಡಿಗೆ ಪರಿಚಿತರಾದರು. ಆದರೆ ಆ ಕೀರ್ತಿ ಬರಲೆಂದು ಕಾಯದೆಯೇ ಅವರು ತಮ್ಮ ಸಂಜೆಗಳನ್ನು ಸಂತೋಷದಿಂದ ತುಂಬಿಕೊಂಡಿದ್ದರು ಎಂಬುದು ಗಮನಿಸಬೇಕಾದ ಸಂಗತಿ.

೧೯೨೯ರಲ್ಲಿ ಬೆಳಗಾವಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಡೆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಅಧ್ಯಕ್ಷರಾಗಿದ್ದರು. ಮೂವತ್ತಮೂರು ವರ್ಷದ ಬೇಂದ್ರೆಯವರು ಆ ಸಭೆಯಲ್ಲಿ ‘ಹಕ್ಕಿ ಹಾರುತಿದೆ ನೋಡಿದಿರಾ’ ಎಂಬ ತಮ್ಮ ಕವನವನ್ನು ಹಾಡಿದರು. ನೆರೆದವರು ಮಂತ್ರಮುಗ್ಧರಾದರು. ಹಳೆಯ ಮೈಸೂರಿನ ಕಡೆಯಿಂದ ಬಂದಿದ್ದ ಸಾಹಿತಿಗಳಿಗೂ ಉತ್ತರ ಕರ್ನಾಟಕದಲ್ಲೊಬ್ಬ ಅಸಾಧಾರಣ ಕವಿಯಿರುವನೆಂಬುದು ಅಂದು ಮನವರಿಕೆಯಾಯಿತು. ಆ ಕವನದ ಹಕ್ಕಿ ಬೇರೆ ಯಾವುದೂ ಅಲ್ಲ, ಕಾಲವೇ. ರಾಜ್ಯಗಳನ್ನು, ಚಕ್ರವರ್ತಿಗಳನ್ನು, ಯುಗಗಳನ್ನು ದಾಟಿ ಅದು ಹಾರುತ್ತಲೇ ಇರುತ್ತದೆ. ಮನುಷ್ಯನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಬಹುದೂರ ಸಾಗಿರುತ್ತದೆ. ಕವನದ ಹೆಸರೇ ಒಂದು ಪ್ರಶ್ನೆಯಾಗಿರುವುದನ್ನು ನಾವು ಗಮನಿಸಬೇಕು. ಹಕ್ಕಿ ಎಲ್ಲಿಗೆ ಹೋಗುವುದೆಂದು ಕವಿ ಕೇಳುತ್ತಿಲ್ಲ. ಅದು ಹಾರುತ್ತಿರುವಾಗ ನೀವು ನೋಡಿದಿರೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಬೇಂದ್ರೆಯವರ ಬಾಳಿನ ನಿಲುವೂ ಈ ಪ್ರಶ್ನೆಯಲ್ಲಿ ಅಡಗಿದೆ ಎನ್ನಬಹುದು.

ಬೆಳಗಾವಿಯ ಸಭೆಯಲ್ಲಿ ದೊರೆತ ಗೌರವವು ಮನೆಯ ಕಷ್ಟವನ್ನೇನೂ ಕಡಿಮೆ ಮಾಡಲಿಲ್ಲ. ೧೯೩೨ರಲ್ಲಿ ಅವರ ಬಾಳಿನ ಕಠಿಣ ಅಧ್ಯಾಯವೊಂದು ಆರಂಭವಾಯಿತು. ಅದೇ ವರ್ಷ ಅವರ ‘ಗರಿ’ ಕವನ ಸಂಕಲನವು ಪ್ರಕಟವಾಗಿತ್ತು. ಅವರ ‘ನರಬಲಿ’ ಎಂಬ ಕವನದಲ್ಲಿ ಬ್ರಿಟಿಷ್ ಸರಕಾರಕ್ಕೆ ರಾಜದ್ರೋಹವು ಕಂಡಿತು. ಕವಿಯನ್ನು ಬಂಧಿಸಿ ಬೆಳಗಾವಿಯ ಬಳಿಯ ಹಿಂಡಲಗಿ ಕಾರಾಗೃಹದಲ್ಲಿ ಇರಿಸಲಾಯಿತು. ಕೆಲವು ತಿಂಗಳ ಸೆರೆವಾಸದ ಅನಂತರ ಧಾರವಾಡಕ್ಕೆ ಸಮೀಪದ ಮುಗದ ಎಂಬ ಹಳ್ಳಿಯಲ್ಲಿ ಸ್ಥಾನಬದ್ಧತೆಯ ಶಿಕ್ಷೆಯನ್ನು ವಿಧಿಸಲಾಯಿತು. ಮನೆ ಕೆಲವೇ ಮೈಲಿಗಳ ದೂರದಲ್ಲಿದ್ದರೂ ಅಲ್ಲಿಗೆ ಹೋಗುವ ಸ್ವಾತಂತ್ರ್ಯವಿರಲಿಲ್ಲ. ಶಿಕ್ಷೆಯ ಅವಧಿ ಮುಗಿದ ಮೇಲೂ ಸಂಕಟವು ಮುಗಿಯಲಿಲ್ಲ. ಸರಕಾರದ ಸಂಶಯಕ್ಕೆ ಒಳಗಾದವರಿಗೆ ಸ್ಥಿರವಾದ ಉದ್ಯೋಗ ದೊರೆಯುವುದು ಅಂದು ಸುಲಭವಾಗಿರಲಿಲ್ಲ. ೧೯೩೫ರಲ್ಲಿ ಎಂ.ಎ. ಪದವಿಯನ್ನು ಪಡೆದರೂ ಅವರು ನೆಲೆಯಾದ ಕೆಲಸವಿಲ್ಲದೆ ವರ್ಷಗಟ್ಟಲೆ ಅಲೆದಾಡಬೇಕಾಯಿತು.

ಬಡತನಕ್ಕಿಂತಲೂ ದೊಡ್ಡ ದುಃಖವೊಂದು ಆ ಮನೆಯನ್ನು ಮತ್ತೆ ಮತ್ತೆ ತಟ್ಟಿತು. ಬೇಂದ್ರೆ ದಂಪತಿಗಳಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಬದುಕಿ ಉಳಿದವರು ಮೂವರು ಮಾತ್ರ. ಔಷಧೋಪಚಾರಗಳು ಇಂದಿನಷ್ಟು ಮುಂದುವರಿಯದಿದ್ದ ಕಾಲ; ಕೈಯಲ್ಲಿ ಹಣವೂ ಇಲ್ಲದ ಕಾಲ. ಮಡಿಲಿನ ಮಗು ಕೈಬಿಟ್ಟುಹೋಗುವುದನ್ನು ತಾಯಿತಂದೆಯರು ನೋಡುತ್ತ ಕುಳಿತಿರಬೇಕಾದ ಸ್ಥಿತಿ ಎಷ್ಟು ದಾರುಣವೆಂಬುದನ್ನು ವಿವರಿಸಲು ಮಾತು ಸಾಲದು. ಅಂತಹ ಸಂದರ್ಭದಲ್ಲಿ ಹೆಂಡತಿಯು ಗಂಡನನ್ನು ನೋಡುವ ನೋಟವನ್ನು ಎದುರಿಸಲಾರದ ತಂದೆಯ ಸಂಕಟವೇ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಕವನವಾಯಿತು. ೧೯೩೮ರಲ್ಲಿ ಪ್ರಕಟವಾದ ‘ನಾದಲೀಲೆ’ಯಲ್ಲಿ ಅದು ಸೇರಿದೆ. ಕನ್ನಡದಲ್ಲಿ ಅದನ್ನು ಓದಿ ಕಣ್ಣು ತೇವವಾಗದವರು ವಿರಳ.

ಈ ಕವನವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಬೇಂದ್ರೆಯವರ ಸಂತೋಷವು ದುಃಖವನ್ನು ಅರಿಯದವನ ಸಂತೋಷವಾಗಿರಲಿಲ್ಲ. ಅವರು ಕಣ್ಣೀರನ್ನು ಮರೆಮಾಡಲಿಲ್ಲ, ಸಾವನ್ನು ಇಲ್ಲವೆನ್ನಲಿಲ್ಲ. ಪ್ರತಿವರ್ಷವೂ ನಾಡಿನೆಲ್ಲೆಡೆ ಕೇಳಿಬರುವ ಅವರ ಯುಗಾದಿಯ ಹಾಡಿನಲ್ಲಿಯೂ ಹರ್ಷದೊಡನೆ ಒಂದು ನಿಟ್ಟುಸಿರು ಬೆರೆತಿದೆ. ಗಿಡಮರಗಳಿಗೆ ವರ್ಷಕ್ಕೊಮ್ಮೆ ಹೊಸ ಜನ್ಮವುಂಟು, ಮನುಷ್ಯನಿಗಾದರೋ ಒಂದೇ ಬಾಲ್ಯ, ಒಂದೇ ಹರೆಯ ಎಂಬ ಅರಿವು ಅಲ್ಲಿದೆ. ಮಾವಿನ ಚಿಗುರನ್ನು ಅವರು ಅಷ್ಟೊಂದು ಪ್ರೀತಿಯಿಂದ ನೋಡಿದುದು ಈ ಅರಿವಿನಿಂದಲೇ. ಯಾವುದು ಶಾಶ್ವತವಲ್ಲವೋ ಅದನ್ನು ಇರುವಾಗಲೇ ಕಣ್ತುಂಬ ನೋಡಬೇಕು. ಮಕ್ಕಳನ್ನು ಕಳೆದುಕೊಂಡ ತಂದೆಗೆ ಈ ಮಾತನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಧಾರವಾಡದ ಸಾಧನಕೇರಿಯಲ್ಲಿ, ಕೆರೆಯ ಎದುರಿಗೆ ಬೇಂದ್ರೆಯವರ ಮನೆ. ಧಾರವಾಡವು ಮಲೆನಾಡಿನ ಸೆರಗಿನಲ್ಲಿರುವ ಊರು. ಪೂರ್ವಕ್ಕೆ ನಡೆದರೆ ಎರೆಯ ಹೊಲಗಳ ಬಯಲು. ಪಶ್ಚಿಮಕ್ಕೆ ಹೊರಳಿದರೆ ಕಾಡು, ಗುಡ್ಡ. ಮುಂಗಾರಿನ ಜಡಿಮಳೆ ಅಲ್ಲಿ ದಿನಗಟ್ಟಲೆ ಸುರಿಯುತ್ತದೆ. ಕೆಸರಾದ ಹಾದಿ, ಒದ್ದೆಯಾದ ಬಟ್ಟೆ, ತಂಪು ಗಾಳಿಗಳಿಂದ ಬೇಸತ್ತು ಮಳೆ ನಿಂತರೆ ಸಾಕೆಂದು ಇತರರು ಗೊಣಗುತ್ತಿರುವಾಗ, ಬೇಂದ್ರೆಯವರಿಗೆ ಶ್ರಾವಣವು ಕಾಡಿಗೂ ನಾಡಿಗೂ ಬೆಟ್ಟಕ್ಕೂ ಬಂದ ಹಬ್ಬವಾಗಿ ಕಂಡಿತು. ಶ್ರಾವಣವನ್ನು ಕುರಿತು ಅವರು ಒಂದಲ್ಲ, ಹಲವು ಕವನಗಳನ್ನು ಬರೆದರು. ಮಳೆಯಿಂದ ಹಸಿರೇರಿದ ತಮ್ಮ ಕೇರಿಗೆ ಗೆಳೆಯನನ್ನು ಆಹ್ವಾನಿಸಿ ಬರೆದ ‘ಬಾರೋ ಸಾಧನಕೇರಿಗೆ’ ಎಂಬ ಕವನದಿಂದಾಗಿ ಆ ಚಿಕ್ಕ ಕೇರಿಯ ಹೆಸರು ನಾಡಿನ ಮಕ್ಕಳ ಬಾಯಲ್ಲಿಯೂ ನೆಲೆಗೊಂಡಿತು. ಸಾಧನಕೇರಿಯಲ್ಲಿ ರಾಜಮಂದಿರಗಳಿರಲಿಲ್ಲ, ಪ್ರಸಿದ್ಧವಾದ ತೀರ್ಥಕ್ಷೇತ್ರವೂ ಇರಲಿಲ್ಲ. ಅಲ್ಲಿದ್ದುದು ಎಲ್ಲ ಊರುಗಳಲ್ಲಿಯೂ ಇರುವಂತಹ ಒಂದು ಕೆರೆ, ಒಂದು ದಿಬ್ಬ, ಹುಲ್ಲು, ಹಕ್ಕಿ, ಮಳೆ. ಆದರೆ ಅದನ್ನು ಮನಸ್ಸಿಟ್ಟು ನೋಡುವ ಕಣ್ಣೊಂದು ಅಲ್ಲಿ ಮನೆಮಾಡಿತ್ತು.

ಬೆಳಗಿನ ವಿಷಯವೂ ಹಾಗೆಯೇ. ಸೂರ್ಯೋದಯವು ಜಗತ್ತಿನ ಅತಿ ಸಾಮಾನ್ಯವಾದ ಘಟನೆ. ಅದಕ್ಕೆ ಕಾಸನ್ನು ಕೊಡಬೇಕಾಗಿಲ್ಲ. ಯಾರ ಅಪ್ಪಣೆಯನ್ನೂ ಪಡೆಯಬೇಕಾಗಿಲ್ಲ. ಸಿರಿವಂತನಿಗೂ ಬಡವನಿಗೂ ಅದು ಸಮವಾಗಿ ದೊರೆಯುತ್ತದೆ. ಅಷ್ಟು ಸುಲಭವಾಗಿ ದೊರೆಯುವುದರಿಂದಲೇ ನಾವು ಅದನ್ನು ಕಡೆಗಣಿಸುತ್ತೇವೆ. ‘ಗರಿ’ಯಲ್ಲಿರುವ ‘ಬೆಳಗು’ ಎಂಬ ಕವನದಲ್ಲಿ ಬೇಂದ್ರೆಯವರು ಆ ನಿತ್ಯದ ಘಟನೆಯನ್ನೇ ಎತ್ತಿಕೊಂಡರು. ಇಬ್ಬನಿ, ಎಲೆ, ಹೂವು, ತಂಗಾಳಿ, ಹಕ್ಕಿಯ ಕೊರಳು ಇಷ್ಟೇ ಅಲ್ಲಿನ ಸಾಮಗ್ರಿ. ಅಷ್ಟರಿಂದಲೇ ಅವರು ಓದುಗನ ಮನಸ್ಸನ್ನು ಶಾಂತಿಯ ನೆಲೆಗೆ ಕೊಂಡೊಯ್ದರು. ದೊಡ್ಡ ಸಂತೋಷಕ್ಕೆ ದೊಡ್ಡ ಕಾರಣವೇ ಬೇಕಾಗಿಲ್ಲವೆಂಬುದನ್ನು ಆ ಕವನವು ತೋರಿಸಿಕೊಟ್ಟಿತು.

ಅವರ ಭಾಷೆಯೂ ಈ ನಿಲುವಿಗೆ ತಕ್ಕುದಾಗಿತ್ತು. ಅವರು ಸಂಸ್ಕೃತ ಕಾವ್ಯಗಳನ್ನು ಬಲ್ಲವರು. ಮರಾಠಿಯಲ್ಲಿಯೂ ಕೃತಿಗಳನ್ನು ರಚಿಸಿದವರು. ಆದರೂ ತಮ್ಮ ಶ್ರೇಷ್ಠವಾದ ಎಷ್ಟೋ ಕವನಗಳಿಗೆ ಧಾರವಾಡದ ಸಂತೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಬೀಸುವ ಕಲ್ಲಿನ ಮುಂದೆ ಕೇಳಿಬರುವ ಆಡುಮಾತನ್ನೇ ಆರಿಸಿಕೊಂಡರು. ಲಾವಣಿಯ ಧಾಟಿ, ತ್ರಿಪದಿಯ ನಡಿಗೆ, ಹೆಣ್ಣುಮಕ್ಕಳ ಹಾಡಿನ ಲಯಗಳು ಅವರ ಲೇಖನಿಯಲ್ಲಿ ಹೊಸ ಜೀವವನ್ನು ಪಡೆದವು. ಜನರು ದಿನನಿತ್ಯ ಆಡಿ ಮರೆಯುವ ಮಾತಿನಲ್ಲಿ ಇಷ್ಟು ಸೊಗಸು ಇದೆಯೆಂಬುದು ಆ ಜನರಿಗೇ ಬೇಂದ್ರೆಯವರ ಕವನಗಳನ್ನು ಕೇಳಿದ ಮೇಲೆ ತಿಳಿಯಿತು. ಕಾಲ ಕೆಳಗೆ ಬಿದ್ದಿದ್ದ ಹರಳನ್ನು ಎತ್ತಿ ಒರೆಸಿ ಅಂಗೈಯಲ್ಲಿಟ್ಟು ತೋರಿಸಿದ ಹಾಗೆ ಅವರು ನಾಡಿಗೆ ಅದರ ಮಾತನ್ನು ತೋರಿಸಿದರು.

ಸ್ಥಿರವಾದ ಉದ್ಯೋಗವಿಲ್ಲದಿದ್ದ ಆ ವರ್ಷಗಳಲ್ಲಿಯೇ ಅವರ ಸಾಹಿತ್ಯ ಸೃಷ್ಟಿಯು ತುಂಬಿ ಹರಿಯಿತು ಎಂಬುದು ಆಶ್ಚರ್ಯಕರವಾದ ಸಂಗತಿ. ೧೯೩೭ರಲ್ಲಿ ದಾಂಪತ್ಯ ಜೀವನದ ನೋವುನಲಿವುಗಳನ್ನು ಕುರಿತ ‘ಸಖೀಗೀತ’ ಬಂದಿತು. ಮರುವರ್ಷವೇ ‘ಉಯ್ಯಾಲೆ’ ಮತ್ತು ‘ನಾದಲೀಲೆ’ಗಳು ಬಂದವು. ೧೯೪೩ರಲ್ಲಿ ಕಾಳಿದಾಸನ ಮೇಘದೂತವನ್ನು ಅವರು ಕನ್ನಡಕ್ಕೆ ತಂದರು.

ಮೇಘದೂತದ ಕಥೆ ಕಾಯುವಿಕೆಯ ಕಥೆಯೇ. ತನ್ನ ಒಡೆಯನಾದ ಕುಬೇರನ ಶಾಪಕ್ಕೆ ಗುರಿಯಾದ ಯಕ್ಷನೊಬ್ಬನು ಒಂದು ವರ್ಷಕಾಲ ಹೆಂಡತಿಯನ್ನು ಅಗಲಿ ರಾಮಗಿರಿಯಲ್ಲಿ ಇರಬೇಕಾಗುತ್ತದೆ. ಆಷಾಢದ ಮೊದಲ ದಿನ ಬೆಟ್ಟದ ಮೇಲೆ ಬಾಗಿದ ಮೋಡವನ್ನು ಕಂಡು, ಅಲಕಾಪುರಿಯಲ್ಲಿರುವ ಹೆಂಡತಿಗೆ ಸಂದೇಶವನ್ನು ಒಯ್ಯುವಂತೆ ಅವನು ಅದನ್ನು ಬೇಡಿಕೊಳ್ಳುತ್ತಾನೆ. ಶಾಪವು ಮುಗಿಯಲು ಇನ್ನೂ ನಾಲ್ಕು ತಿಂಗಳುಗಳಿವೆ. ಅವನ ಸುಖವೆಲ್ಲ ಮುಂದೆಯೇ ಇದೆ. ಆದರೂ ಮೋಡವು ಸಾಗಬೇಕಾದ ದಾರಿಯನ್ನು ವರ್ಣಿಸುವಾಗ ಅವನು ಒಂದು ಹೊಳೆಯನ್ನೂ ಮರೆಯುವುದಿಲ್ಲ, ಒಂದು ಬೆಟ್ಟವನ್ನೂ ಬಿಡುವುದಿಲ್ಲ. ವಿದಿಶೆ, ಉಜ್ಜಯಿನಿಗಳನ್ನು ನೋಡದೆ ಹೋಗಬೇಡವೆಂದು ಬೇಡುತ್ತಾನೆ. ಉತ್ತ ಹೊಲದ ಮಣ್ಣಿನ ಕಂಪು, ಹಳ್ಳಿಯ ಹೆಣ್ಣುಮಕ್ಕಳ ಮುಗ್ಧ ನೋಟ ಎಲ್ಲವೂ ಅವನ ಮಾತಿನಲ್ಲಿ ಬಂದುಹೋಗುತ್ತವೆ. ಸೇರಬೇಕಾದ ಊರು ದೂರವಿದ್ದರೂ ದಾರಿಯ ಚೆಲುವು ಅವನ ಕಣ್ಣಿಗೆ ಮಂಕಾಗಲಿಲ್ಲ. ಕಾಯುವುದು ಅನಿವಾರ್ಯವಾದಾಗ ಹೇಗೆ ಕಾಯಬೇಕೆಂಬುದನ್ನು ಈ ಯಕ್ಷನಿಂದ ಕಲಿಯಬಹುದು. ತಾವೂ ಒಳ್ಳೆಯ ದಿನಗಳಿಗಾಗಿ ಕಾಯುತ್ತಿದ್ದ ಕವಿಯೊಬ್ಬರು ಇದೇ ಕಾವ್ಯವನ್ನು ಕನ್ನಡಿಸಿದುದು ಅರ್ಥಪೂರ್ಣವಾಗಿದೆ.

ಅದೇ ವರ್ಷ ಶಿವಮೊಗ್ಗದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವವು ಬೇಂದ್ರೆಯವರಿಗೆ ದೊರೆಯಿತು. ಮರುವರ್ಷ, ಅಂದರೆ ೧೯೪೪ರಲ್ಲಿ, ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಅವರು ಕನ್ನಡ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆಗ ಅವರಿಗೆ ನಲವತ್ತೆಂಟು ವರ್ಷ ವಯಸ್ಸು. ಬಾಳಿನಲ್ಲಿ ಒಂದು ನೆಲೆ ದೊರೆತ ಮೇಲೆ ಸಂತೋಷಪಡೋಣ, ಆಮೇಲೆ ಹಾಡೋಣ ಎಂದು ಅವರು ಕಾಯ್ದಿದ್ದರೆ ನಲವತ್ತೆಂಟು ವರ್ಷಗಳು ಬರಿದಾಗಿ ಕಳೆದುಹೋಗುತ್ತಿದ್ದವು. ‘ಗರಿ’ ಬರುತ್ತಿರಲಿಲ್ಲ, ‘ನಾದಲೀಲೆ’ ಬರುತ್ತಿರಲಿಲ್ಲ, ಬೆಳಗಾವಿಯ ಸಭೆಯಲ್ಲಿ ಹಕ್ಕಿಯೂ ಹಾರುತ್ತಿರಲಿಲ್ಲ. ಕನ್ನಡಿಗರು ಇಂದು ತಮ್ಮದೆಂದು ಹಾಡಿಕೊಳ್ಳುವ ಎಷ್ಟೋ ಗೀತೆಗಳು ಹುಟ್ಟಿದುದು ಅನುಕೂಲದ ದಿನಗಳಲ್ಲಲ್ಲ, ಅನುಕೂಲವಿಲ್ಲದ ದಿನಗಳಲ್ಲಿ.

ಸೊಲ್ಲಾಪುರದಲ್ಲಿ ಹನ್ನೆರಡು ವರ್ಷಗಳ ಕಾಲ ಪಾಠ ಹೇಳಿ, ೧೯೫೬ರಲ್ಲಿ ಅವರು ನಿವೃತ್ತರಾಗಿ ಧಾರವಾಡಕ್ಕೆ ಹಿಂದಿರುಗಿದರು. ಅದೇ ವರ್ಷ ಕನ್ನಡ ನಾಡು ಒಂದಾಯಿತು. ಗೆಳೆಯರ ಗುಂಪಿನ ಕಾಲದಿಂದಲೂ ಅವರು ಕಂಡಿದ್ದ ಕನಸು ಹೀಗೆ ಕಣ್ಣೆದುರಿಗೆ ನನಸಾಯಿತು. ಮುಂದೆ ಹತ್ತು ವರ್ಷ ಧಾರವಾಡದ ಆಕಾಶವಾಣಿಗೆ ಅವರು ಸಲಹೆಗಾರರಾಗಿದ್ದರು.

ನಿವೃತ್ತಿಯನ್ನು ಬಾಳಿನ ಮುಕ್ತಾಯವೆಂದು ತಿಳಿಯುವವರು ಬಹುಮಂದಿ. ನಮ್ಮ ಜನರಲ್ಲಿ ‘ಅರುವತ್ತಕ್ಕೆ ಅರಳು ಮರಳು’ ಎಂಬ ಗಾದೆಯಿದೆ. ವಯಸ್ಸಾದವರ ಬುದ್ಧಿ ಮಂಕಾಗುವುದನ್ನು ಕುರಿತ ಹಾಸ್ಯವದು. ಬೇಂದ್ರೆಯವರು ಅರುವತ್ತನ್ನು ದಾಟಿದಾಗ, ೧೯೫೭ರಲ್ಲಿ, ತಮ್ಮ ಐದು ಕವನ ಸಂಕಲನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಗ್ರಂಥಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ಅರಳುವುದೆಂದರೆ ಹೂವಿನಂತೆ ಬಿರಿಯುವುದು. ಮರಳುವುದೆಂದರೆ ಮತ್ತೆ ಬರುವುದು. ಮುಪ್ಪನ್ನು ಹಾಸ್ಯಮಾಡುವ ಮಾತು ಅವರ ಕೈಯಲ್ಲಿ ಮರಳಿ ಅರಳುವ ಚೈತನ್ಯದ ಮಾತಾಯಿತು. ಆ ಗ್ರಂಥಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ೧೯೬೮ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ‘ನಾಕು ತಂತಿ’ ಎಂಬ ಕವನ ಸಂಕಲನಕ್ಕಾಗಿ ೧೯೭೩ರ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಬಂದಿತು. ಆ ವರ್ಷದ ಪ್ರಶಸ್ತಿಯನ್ನು ಅವರು ಒಡಿಯಾ ಕಾದಂಬರಿಕಾರ ಗೋಪೀನಾಥ ಮಹಾಂತಿಯವರೊಡನೆ ಹಂಚಿಕೊಂಡರು. ಆಗ ಕವಿಗೆ ಎಪ್ಪತ್ತೇಳು ವರ್ಷ.

ಪ್ರಶಸ್ತಿಗಳು ಅವರ ದಿನಚರಿಯನ್ನು ಬದಲಾಯಿಸಲಿಲ್ಲ. ಸಾಧನಕೇರಿಯ ಮನೆಯ ಬಾಗಿಲು ವಿದ್ವಾಂಸರಿಗೆ ತೆರೆದಿದ್ದಂತೆಯೇ ವಿದ್ಯಾರ್ಥಿಗಳಿಗೂ ತೆರೆದಿತ್ತು. ಬಂದವರ ಕೈಗೆ ಸಕ್ಕರೆಯನ್ನು ಹಾಕಿ ಬಾಯಿ ಸಿಹಿಮಾಡಿಸುವುದು ಆ ಮನೆಯ ಪದ್ಧತಿ. ಸಿಹಿ ಹಂಚುವುದಕ್ಕೆ ಹಬ್ಬವೇ ಬರಬೇಕೆಂಬ ನಿಯಮ ಅಲ್ಲಿರಲಿಲ್ಲ. ಒಬ್ಬರು ಮನೆಗೆ ಬಂದರೆ ಸಾಕು, ಅದೇ ಹಬ್ಬ. ಮಾತು ಆರಂಭವಾದರೆ ಗಂಟೆಗಳು ಉರುಳಿದುದು ತಿಳಿಯುತ್ತಿರಲಿಲ್ಲ. ಒಂದು ಶಬ್ದವನ್ನು ಹಿಡಿದು ಅದನ್ನು ಬಿಡಿಸಿ, ಜೋಡಿಸಿ, ತಿರುಗಿಸಿ, ಅದರಲ್ಲಿ ಅಡಗಿದ್ದ ಅರ್ಥಗಳನ್ನು ಒಂದೊಂದಾಗಿ ಹೊರತೆಗೆಯುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅಂಕೆಸಂಖ್ಯೆಗಳೂ ಅವರಿಗೆ ಆಟದ ಸಾಮಾನುಗಳಾದವು. ೪೪೧ ಎಂಬ ಸಂಖ್ಯೆಯ ಮೇಲೆ ಅವರಿಗೆ ವಿಶೇಷ ಪ್ರೀತಿ. ಇಪ್ಪತ್ತೊಂದನ್ನು ಇಪ್ಪತ್ತೊಂದರಿಂದ ಗುಣಿಸಿದರೆ ಬರುವ ಆ ಸಂಖ್ಯೆಯಲ್ಲಿ ಅವರು ಸೃಷ್ಟಿಯ ರಹಸ್ಯವನ್ನೇ ಹುಡುಕುತ್ತಿದ್ದರು. ಕೇಳಿದವರಿಗೆ ಎಲ್ಲವೂ ಅರ್ಥವಾಗದಿದ್ದರೂ, ಎಂಬತ್ತು ವರ್ಷದ ವೃದ್ಧರೊಬ್ಬರು ಲೆಕ್ಕದಲ್ಲಿ ಮಗುವಿನಂತೆ ಮೈಮರೆಯುವುದನ್ನು ಕಂಡು ಅವರ ಮನಸ್ಸೂ ಹಗುರಾಗುತ್ತಿತ್ತು.

೧೯೮೧ನೆಯ ಇಸವಿ ಅಕ್ಟೋಬರ್ ೨೬ರಂದು, ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ, ಬೇಂದ್ರೆಯವರು ಮುಂಬಯಿಯಲ್ಲಿ ನಿಧನರಾದರು. ಬದುಕಿ ಉಳಿದ ಮಕ್ಕಳಲ್ಲಿ ಒಬ್ಬರಾದ ವಾಮನ ಬೇಂದ್ರೆಯವರು ತಂದೆಯ ಕವನಗಳನ್ನೆಲ್ಲ ಸಂಗ್ರಹಿಸಿ ‘ಔದುಂಬರಗಾಥೆ’ ಎಂಬ ಹೆಸರಿನ ಸಂಪುಟಗಳಲ್ಲಿ ನಾಡಿಗೆ ಒಪ್ಪಿಸಿದರು. ಸಾಧನಕೇರಿಯಲ್ಲಿ ಕವಿಯ ನೆನಪಿಗಾಗಿ ಬೇಂದ್ರೆ ಭವನವು ನಿಂತಿದೆ. ಶ್ರಾವಣವು ಬಂದಾಗ ಕೆರೆಯ ಮೇಲೆ ಇಂದಿಗೂ ಮಳೆಯ ಹನಿಗಳು ಕುಣಿಯುತ್ತವೆ.

ಬೇಂದ್ರೆಯವರ ಬಾಳನ್ನು ಓದಿದವರು ಭವಿಷ್ಯದ ಚಿಂತೆಯೇ ಬೇಡವೆಂದು ತಿಳಿಯಬಾರದು. ಅವರು ಓದಿದರು, ದುಡಿದರು, ಸಂಸಾರದ ಹೊಣೆಯನ್ನು ಹೊತ್ತರು, ನಾಡಿನ ಏಕೀಕರಣದ ಕನಸನ್ನು ಕಂಡರು. ನಾಳೆಗಾಗಿ ಮಾಡಬೇಕಾದುದೆಲ್ಲವನ್ನೂ ಮಾಡಿದರು. ಆದರೆ ನಾಳೆಯ ಹೆಸರಿನಲ್ಲಿ ಇಂದನ್ನು ಒತ್ತೆಯಿಡಲಿಲ್ಲ. ಕೊಂಡ್ಲಹಳ್ಳಿಯ ರೈತನು ಮಳೆಗಾಗಿ ಕಾಯಲೇಬೇಕು. ವಿದ್ಯಾರ್ಥಿಯು ಪರೀಕ್ಷೆಯ ಫಲಕ್ಕಾಗಿ ಕಾಯಲೇಬೇಕು. ಆದರೆ ಆ ರೈತನ ಹೊಲದ ಬದುವಿನ ಮೇಲೂ ನಿತ್ಯವೂ ಬೆಳಗಾಗುತ್ತದೆ. ಮಧ್ಯಾಹ್ನ ಬುತ್ತಿಯ ಗಂಟನ್ನು ಬಿಚ್ಚಿ, ಬೇವಿನ ನೆರಳಿನಲ್ಲಿ ಮಗನೊಡನೆ ಹಂಚಿಕೊಂಡು ತಿನ್ನುವ ರೊಟ್ಟಿಯ ರುಚಿ ಮಳೆಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಗೆಳೆಯನು ಆಡಿದ ನಗೆಮಾತು, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ತಾಯಿಯ ದನಿ, ಕಿಟಕಿಯ ಹೊರಗೆ ಹಾರಿಹೋದ ಒಂದು ಹಕ್ಕಿ ಇವು ಮುಂದೆಂದೋ ಬರುವ ಸುಖದ ಮುನ್ಸೂಚನೆಗಳಲ್ಲ, ಇವೇ ಸುಖ. ಇವುಗಳನ್ನು ಕಂಡರಿತು ಬಾಳುವ ಕಣ್ಣು ನಮಗಿದ್ದರೆ, ವರಕವಿಯು ಅಂದು ಬೆಳಗಾವಿಯಲ್ಲಿ ಕೇಳಿದ ಪ್ರಶ್ನೆಗೆ ಪ್ರತಿದಿನವೂ ಹೌದೆಂದು ಉತ್ತರ ಕೊಟ್ಟಂತಾಗುತ್ತದೆ.